ಹಿತ್ತಿಲಿಗೊಂದು ಬಲ್ಬು

ನಾನು ಅನುಮಾನದ ಪ್ರಾಣಿ; ಮುಚ್ಚಿಟ್ಟು ಪ್ರಯೋಜನವಿಲ್ಲ. ಹಾಲಿನವನು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾನೆ ಎಂದುಕೊಳ್ಳುತ್ತೇನೆ, ನಗದಿದ್ದರೆ ಇನ್ನೂ ಹೆಚ್ಚು ಬೆರೆಸಿದ್ದಾನೆ ಎಂದುಕೊಳ್ಳುತ್ತೇನೆ. ನಾವು ಗಡಹಿಂಗ್ಲಜ ಕಡೆಯ ನೂಲ ಎಂಬ ಊರಿನವರು. ಇಚಲಕರಂಜಿಗೆ ಬಂದು ನೂಲಿನ ಅಂಗಡಿಯನ್ನೇ ಇಟ್ಟೆವು. ಇದರಲ್ಲಿ ಏನೋ ಮಸಲತ್ತಿದೆ ಎಂದು ನನ್ನಂಥವನೇ ಒಬ್ಬ ಅನುಮಾನಪಟ್ಟದ್ದೂ ಉಂಟು.

ಅರವತ್ತರ ದಶಕದ ಆರಂಭ. ಮನೆಗೆ ಕರೆಂಟು ಬಂದು ವರ್ಷವಾಗಿರಲಿಲ್ಲ. ಆಗ ಹಿತ್ತಿಲ ಬಾಗಿಲಿನ ಚಿಲಕವೊಂದು ನನ್ನ ನೆಮ್ಮದಿ ಕೆಡಿಸಿತು. ಮಧ್ಯಾಹ್ನ ಉಂಡು ಹೋಗುವಾಗ ನಾನೇ ಕೈಯಾರೆ ಹಾಕಿದ ಚಿಲಕ, ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಒಮ್ಮೊಮ್ಮೆ ತೆಗೆದಿರುತ್ತಿತ್ತು. ಮುಟ್ಟಿದರೆ ಎಣ್ಣೆ ಜಿಡ್ಡು. ಸದ್ದಾಗಬಾರದೆಂದು ಚಿಲಕಕ್ಕೆ ಎಣ್ಣೆ ಹಚ್ಚುವ ಕಳ್ಳ ಸಾಮಾನ್ಯನೇ? ಹಿತ್ತಿಲಿಗೆ ಅಂಟಿದ ಕೋಣೆಯಲ್ಲಿ ನೂಲಿನ ಮೂಟೆಗಳಿದ್ದವು. ಪಕ್ಕದ ಮನೆಯ ಮಾರುತಿಯೋ, ಮಗ್ಗ ರಿಪೇರಿ ಮಾಡುವವನು. ಅವನ ಕೈಯಲ್ಲಿ ಎಣ್ಣೆ ಇಲ್ಲದ್ದನ್ನು ಕಂಡವರಿಲ್ಲ. ಅಂದಿನಿಂದ ಅವನ ನಮಸ್ಕಾರಕ್ಕೆ ಉತ್ತರ ಕೊಡುವುದನ್ನು ಬಿಟ್ಟೆ.

ವಾಯರ್‌ಮನ್ ಬಾಬುವನ್ನು ಕರೆಸಿದೆ.

"ಕಳ್ಳ ಯಾವ ಕಡಿಂದ ಬರ್ತಾನ್ರೀ, ಅಣ್ಣಾಸಾಹೇಬ್ರ?" ಎಂದು ಕೇಳಿದ.

"ಅದು ಗೊತ್ತಿದ್ರ ನಿನ್ನ ಯಾಕ ಕರೀತಿದ್ದೆ?"

ಅವನು ಸೀಮೆಸುಣ್ಣದಿಂದ ನೆಲದ ಮೇಲೆ ಮನೆಯ ನಕ್ಷೆ ಬರೆದ. ಮುಂಬಾಗಿಲಿಗೊಂದು, ಸಂದಿಗೊಂದು, ಹಿತ್ತಿಲಿಗೊಂದು, ಹೀಗೆ ಮೂರು ಬಲ್ಬು. ನಕ್ಷೆ ಎಷ್ಟು ಚೆನ್ನಾಗಿತ್ತೆಂದರೆ, ಇವನು ಇದನ್ನು ಇನ್ನಾರಿಗೆ ತೋರಿಸುತ್ತಾನೋ ಎಂದು ಅವನು ಹೋದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟೆ.

ಅಡ್ಡಿ ಬಂದದ್ದು ಅಪ್ಪನಿಂದ. ನಾವು ಜೈನರು. ಎಪ್ಪತ್ತು ದಾಟಿದ ಅಪ್ಪ ಹೊತ್ತು ಮುಳುಗಿದ ಮೇಲೆ ಏನೂ ತಿನ್ನದ ವ್ರತ ಹಿಡಿದಿದ್ದರು. ಬಸದಿಯಲ್ಲಿ, ಅಂಗಡಿಯಲ್ಲಿ ಆ ವ್ರತದ ಸುದ್ದಿಯನ್ನು ಅವರಿಗಿಂತ ಹೆಚ್ಚಾಗಿ ನಾನೇ ಸಾರಿಕೊಂಡು ತಿರುಗುತ್ತಿದ್ದೆ.

"ಎರಡು ಸಾಕು. ಹಿತ್ತಲದಾಗ ಬ್ಯಾಡ," ಎಂದರು ಅಪ್ಪ. "ಹುಳಾ ಬಂದು ದೀಪಕ್ಕ ಬಡದು ಸಾಯ್ತಾವ. ಆ ಪಾಪ ಯಾರ ತಲಿಗಿ?"

"ಮಾವಾರು ಹೇಳೂದು ಖರೇ ಐತ್ರಿ," ಎಂದಳು ನನ್ನ ಹೆಂಡತಿ ಪದ್ಮಾ. ಉಪ್ಪಿನಿಂದ ಹಿಡಿದು ಉಪ್ಪಿನಕಾಯಿವರೆಗೆ ಯಾವುದರಲ್ಲೂ ಒಂದಾಗದ ಮಾವ ಸೊಸೆ ಇಲ್ಲಿ ಒಂದಾಗಿದ್ದರು. ನನ್ನ ಅನುಮಾನ ಇಮ್ಮಡಿಯಾಯಿತು.

ಅಪ್ಪ ಬಸದಿಗೆ ಹೋಗಿದ್ದಾಗ, ಪದ್ಮಾ ನೀರಿಗೆ ಹೋಗಿದ್ದಾಗ, ಬಾಬುವಿನಿಂದ ಮೂರನೆಯ ಬಲ್ಬನ್ನೂ ಹಾಕಿಸಿದೆ. ಸ್ವಿಚ್ಚು ಮೂಟೆಗಳ ಕೋಣೆಯಲ್ಲಿ. ಅಂದು ಸಂಜೆ ಅಂಗಡಿ ಬೇಗ ಮುಚ್ಚಿ, ಯಾರಿಗೂ ಹೇಳದೆ ಮೂಟೆಗಳ ಹಿಂದೆ ಕುಳಿತೆ. ಹೊತ್ತು ಮುಳುಗಿ ಕತ್ತಲು ಕವಿಯುತ್ತಿತ್ತು. ಚಿಲಕ ಸರಿದ ಸದ್ದಾಯಿತು. ಪಿಸುಮಾತು ಕೇಳಿಸಿತು. ಸ್ವಿಚ್ಚು ಒತ್ತಿ ಕಿಟಕಿಗೆ ಮುಖವಿಟ್ಟೆ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಪ್ಪ ಕುಳಿತಿದ್ದರು, ಪಕ್ಕದಲ್ಲಿ ಮಾರುತಿ. ನಡುವೆ ಹರಡಿದ ಪೇಪರಿನ ಮೇಲೆ ಬಿಸಿ ಬಿಸಿ ಕಾಂದಾ ಭಜಿ. ರಾತ್ರಿ ಊಟವೂ ಆಯಿತು, ಜೈನರಿಗೆ ವರ್ಜ್ಯವಾದ, ನಮ್ಮ ಮನೆಯ ಹೊಸ್ತಿಲು ದಾಟದ ಈರುಳ್ಳಿಯೂ ಆಯಿತು! ಮಾರುತಿ ದಡಬಡಿಸಿ ಎದ್ದ. "ಅಣ್ಣಾ, ಮೀ ನಾಹೀ! ನಾ ಅಲ್ರಿ, ನಾ ಬರೇ ತಂದು ಕೊಟ್ಟೇನ್ರಿ!"

ಅಪ್ಪ ಏಳಲಿಲ್ಲ. ಬಲ್ಬನ್ನು ದಿಟ್ಟಿಸಿ ನೋಡಿ, ಬಾಯಲ್ಲಿದ್ದುದನ್ನು ನುಂಗಿ, "ನೋಡು, ಹುಳಾ ಬರಾಕತ್ತಾವ. ಆರಸು," ಎಂದರು.

ಆರಿಸಿದೆ. ಬೇರೆ ಏನು ಮಾಡಲಿ?

ಒಳಗೆ ಪದ್ಮಾಳನ್ನು ಕೇಳಿದರೆ ಅವಳಿಗೆ ಎಲ್ಲ ಗೊತ್ತಿತ್ತು. "ನಿಮಗ ಗೊತ್ತಾಗಬಾರದಂತ ಅವರ ಭಜಿ ಕೈ ಹತ್ತಿದ ಚಿಲಕಾ ದಿನಾ ಒರಸಿ ಹಾಕ್ತಿದ್ದೆ. ನಾಕೈದು ಸಲ ಮರತೆ ನೋಡ್ರಿ," ಎಂದಳು.

"ವ್ರತಾ ಆಗೂದಿಲ್ಲಂತ ನನಗ ಹೇಳಬಹುದಿತ್ತಲ್ಲ?"

"ಹ್ಯಾಂಗ ಹೇಳ್ತಾರ್ರಿ? ನೀವು ಊರ ತುಂಬ ಸಾರೀರಿ. ಈ ವಯಸ್ಸಿನಾಗ ಒಂದು ಭಜಿ ತಿನ್ನಾಕ ಅವರಿಗೆ ಮಗನ ಅಂಜಿಕಿ."

ಮರುದಿನ ಮಾರುತಿಗೆ ನಾನೇ ಮೊದಲು ನಮಸ್ಕಾರ ಮಾಡಿದೆ. ಅವನು ಹೌಹಾರಿ, "ಯಾಕ್ರಿ ಅಣ್ಣಾ, ಏನಾರ ಕಳೀತೇನ್ರಿ?" ಎಂದ.

ಆ ಬಲ್ಬು ಮತ್ತೆ ಹತ್ತಲಿಲ್ಲ. ಅಪ್ಪನ ವ್ರತದ ಮಾತನ್ನೂ ನಾನು ಎಲ್ಲೂ ಎತ್ತಲಿಲ್ಲ. ಸಂಜೆ ಹಿತ್ತಿಲಿಗೆ ಹೋಗಬೇಕಾದರೆ ಬಾಗಿಲ ಈಚೆ ನಿಂತು ಎರಡು ಸಲ ಗಟ್ಟಿಯಾಗಿ ಕೆಮ್ಮುವುದು ರೂಢಿಯಾಯಿತು. ಕಳ್ಳನಿಗೆ ಮುನ್ಸೂಚನೆ ಕೊಟ್ಟು ಸ್ವಂತ ಮನೆಯ ಬಾಗಿಲು ತೆರೆಯುವ ಯಜಮಾನ ಇಚಲಕರಂಜಿಯಲ್ಲಿ ನಾನೊಬ್ಬನೇ ಇದ್ದಿರಬೇಕು. ನಾನು ಕೆಮ್ಮುತ್ತಿದ್ದೆ, ಆಚೆಯಿಂದ ಅಪ್ಪನ ದನಿ ಬರುತ್ತಿತ್ತು:

"ತಡಿಯೋ, ಇನ್ನ ಎರಡು ಉಳದಾವ."