ಮೀಲ್ಸ್ ರೆಡಿ ಬೋರ್ಡು

ಹೆಣ್ಣಿಗೆ ಸಿಟ್ಟು ಬಂದರೆ ಕಾರಣ ಹುಡುಕುವವರಿಗಿಂತ ತಾರೀಖು ಹುಡುಕುವವರೇ ಹೆಚ್ಚು. ನಾನೇನೂ ಸಾಧು ಪ್ರಾಣಿಯಲ್ಲ, ಒಪ್ಪುತ್ತೇನೆ. ಮುಟ್ಟಿಗೆ ವಾರ ಇದೆ ಎನ್ನುವಾಗಲೇ ತಲೆಯೊಳಗೆ ಯಾರೋ ಒಗ್ಗರಣೆ ಹಾಕಲು ಶುರುಮಾಡುತ್ತಾರೆ. ಹೊಟ್ಟೆ ಉಬ್ಬರ, ಎದೆ ಭಾರ, ಸಾಬೂನಿನ ಜಾಹೀರಾತು ಕಂಡರೂ ಕಣ್ಣೀರು. ನಮ್ಮವರು ಚಕ್ಕುಲಿ ಕಡಿದರಂತೂ ಆ ಸದ್ದಿಗೆ ಪಲ್ಲಾವರಂ ಕಡೆ ಇಳಿಯಬೇಕಾದ ವಿಮಾನ ನಮ್ಮ ನಡುಮನೆಯಲ್ಲೇ ಇಳಿದಂತಾಗುತ್ತದೆ.

ಕೀಲ್ಪಾಕಿನ ಡಾಕ್ಟರಮ್ಮ ಎಲ್ಲವನ್ನೂ ಸಮಾಧಾನದಿಂದ ಕೇಳಿ, ಇದು ನಿಮ್ಮ ಸ್ವಭಾವದ ದೋಷವಲ್ಲ, ದೇಹದ ಏರಿಳಿತ ಎಂದರು. ಕಾಫಿ, ಉಪ್ಪು ಕಡಿಮೆ ಮಾಡಿ, ಸಂಜೆ ನಡೆಯಿರಿ, ಚೆನ್ನಾಗಿ ನಿದ್ದೆ ಮಾಡಿ, ಅದಕ್ಕೂ ಬಗ್ಗದಿದ್ದರೆ ಔಷಧಿಯಿದೆ. ಮುಖ್ಯವಾಗಿ ಮನೆಯವರಿಗೆ ತಿಳಿಸಿ ಎಂದರು. ಹೋಟೆಲಿನವರ ಹೆಂಡತಿಗೆ ಕಾಫಿ ಬಿಡುವುದು ಗಂಡನನ್ನು ಬಿಟ್ಟಷ್ಟೇ ಕಷ್ಟ. ಆ ವಾರ ಮಾತ್ರ ಎರಡನೆಯದೇ ಸುಲಭ ಅನಿಸುತ್ತದೆ.

ಆದರೆ ಪ್ರತಿ ತಿಂಗಳೂ ಬಾಯಿಬಿಟ್ಟು ಹೇಳುವುದು ಹೇಗೆ? ಗಿಂಡಿ ಬಡಾವಣೆಯ ನಮ್ಮ ಹೋಟೆಲಿನ ಬಾಗಿಲಲ್ಲಿ ತೂಗುತ್ತಿದ್ದ ಹಳೆಯ ಬೋರ್ಡು ತಂದು ಮಲಗುವ ಕೋಣೆಯ ಬಾಗಿಲಿಗೆ ನೇತುಹಾಕಿದೆ. ಒಂದು ಕಡೆ ‘ಮೀಲ್ಸ್ ರೆಡಿ’, ಇನ್ನೊಂದು ಕಡೆ ‘ಮೀಲ್ಸ್ ಓವರ್’. ಓವರ್ ಇದ್ದಾಗ ಯಾರೂ ನನ್ನನ್ನು ಕೆಣಕಬಾರದು. ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಅತ್ತೆ ಅಡಿಗೆಗೆ ನಿಂತರು. ಇಲ್ಲಿಯ ಶಾಲೆಯಲ್ಲಿ ಓದಿ ತಮಿಳಿನಲ್ಲೇ ಉತ್ತರ ಕೊಡುವ ಮಗಳು, ನಮ್ಮವರು ಚಕ್ಕುಲಿ ಡಬ್ಬಿಗೆ ಕೈ ಹಾಕಿದರೆ ಸಾಕು, “ಅಪ್ಪಾ, ಬೋರ್ಡ್ ಪಾರುಂಗ” ಎಂದು ಬಾಗಿಲಿನತ್ತ ಕೈ ತೋರಿಸುತ್ತಿದ್ದಳು.

ಬೋರ್ಡು ಎಲ್ಲರ ಕೈಗೂ ಎಟಕುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಒಮ್ಮೆ ನಮ್ಮವರು ನನ್ನನ್ನು ಒಂದು ಮಾತೂ ಕೇಳದೆ, ಇಲ್ಲೇ ನಡೆಯಲಿದ್ದ ಬಳಗದವರ ಮದುವೆಗೆ ಬರುವ ಕುಂದಾಪುರದ ನೆಂಟರಿಗೆಲ್ಲ ನಮ್ಮ ಮನೆಯಲ್ಲೇ ಉಳಿಯಿರಿ ಎಂದುಬಿಟ್ಟಿದ್ದರು. ರೇಗಿದೆ. ಅವರು ಎದ್ದುಹೋಗಿ ಬೋರ್ಡನ್ನು ‘ಮೀಲ್ಸ್ ಓವರ್’ಗೆ ತಿರುಗಿಸಿದರು. ಬಿಸಿನೀರಿನ ಚೀಲವನ್ನೂ ತಂದಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಚೀಲವನ್ನು ತಡೆಯಲಾಗಲಿಲ್ಲ. ಸಿಟ್ಟು ನ್ಯಾಯದ್ದೇ. ಆದರೆ ದುರದೃಷ್ಟಕ್ಕೆ ವಾರವೂ ಅದೇ ಆಗಿತ್ತು, ನಾನಿನ್ನೂ ಬೋರ್ಡು ತಿರುಗಿಸಿರಲಿಲ್ಲ ಅಷ್ಟೆ; ನನ್ನ ಮಾತನ್ನು ನಂಬುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಕಾದೆ. ಮುಟ್ಟು ಕಳೆದು ಮನಸ್ಸು ತಿಳಿಯಾದ ಬೆಳಿಗ್ಗೆ ಬೋರ್ಡನ್ನು ‘ಮೀಲ್ಸ್ ರೆಡಿ’ಗೆ ತಿರುಗಿಸಿ, ಅದರ ಪಕ್ಕದಲ್ಲೇ ಅವರನ್ನು ನಿಲ್ಲಿಸಿಕೊಂಡು ಅದೇ ಮಾತನ್ನು ಮೆಲುದನಿಯಲ್ಲಿ ಹೇಳಿದೆ: “ನನ್ನ ಕೇಳ್ದೆ ಮನಿಗೆ ಅಷ್ಟ್ ಜನ ಕರೂದ್ ಸರಿಯಾ, ನೀವೇ ಹೇಳಿ.”

ಅವರು ಬೋರ್ಡು ನೋಡಿದರು, ನನ್ನನ್ನು ನೋಡಿದರು. “ಇಲ್ಲ ಮಾರಾಯ್ತಿ, ತಪ್ಪಾಯ್ತ್” ಎಂದರು. ನೆಂಟರಿಗೆ ಹೋಟೆಲಿನ ಮಹಡಿಯ ಕೋಣೆಗಳು ಸಿಕ್ಕವು. ಇನ್ನು ಮುಂದೆ ನನ್ನ ಹೊರತು ಯಾರೂ ಬೋರ್ಡು ಮುಟ್ಟಬಾರದೆಂದು ತೀರ್ಮಾನವೂ ಆಯಿತು.

ಮದುವೆ ಮುಗಿದ ಮರುದಿನ ಅದೇ ನೆಂಟರು ಮಾತಾಡಿಸಿಕೊಂಡು ಹೋಗೋಣವೆಂದು ಬಂದರು. ಆಟೋ ನಿಂತ ಸದ್ದು ಕೇಳಿದ್ದೇ ನಾನು ಬೋರ್ಡು ತಿರುಗಿಸಿ ಹಾಸಿಗೆ ಸೇರಿದೆ. ಅತ್ತೆ ಇಣುಕಿ, “ಎಂತ ಹೆಣೆ, ಮೊನ್ನೆಯಷ್ಟೇ ಮುಗ್ದದ್ದಲ್ದಾ?” ಎಂದು ಪಿಸುಗುಟ್ಟಿದರು. ನಾನು ಹೊಟ್ಟೆ ಹಿಡಿದುಕೊಂಡು ನರಳಿದೆ. ಬಾಯಲ್ಲಿದ್ದ ಚಕ್ಕುಲಿ ಮಾತ್ರ ಸದ್ದು ಮಾಡಿಬಿಟ್ಟಿತು.