ಹಸಿರು ಬರುವವರೆಗೆ ಸಕ್ಕರೆ

ನನ್ನ ಹೆಂಡತಿ ಜಯಂತಿ ಓಡುತ್ತಾಳೆ. ಯಾರೋ ಅಟ್ಟಿಸಿಕೊಂಡು ಬಂದು ಅಲ್ಲ, ಸ್ವಂತ ಇಚ್ಛೆಯಿಂದ. ನಲವತ್ತು ದಾಟಿದ ಮೇಲೆ ಡಾಕ್ಟರು ನಡೆಯಲು ಹೇಳಿದರು. ಇವಳು ನಡೆದಳು. ನಡಿಗೆ ಸ್ವಲ್ಪ ಜೋರಾಯಿತು. ಒಂದು ದಿನ ನೋಡುವಾಗ ಅದು ಓಟವಾಗಿತ್ತು. ಈಗ ಬೆಳಕು ಹರಿಯುವಾಗ ಬಂದ್ಯೋಡಿನ ನಮ್ಮ ಮನೆಯಿಂದ ಹೊರಟು ಹೆದ್ದಾರಿಯ ಸರ್ವಿಸ್ ರೋಡಿನಲ್ಲಿ ಉಪ್ಪಳಕ್ಕೆ ಹೋಗಿ ಬರುತ್ತಾಳೆ. ಜೊತೆಗೆ ರಝಿಯಾ ಟೀಚರ್ ಇರುತ್ತಾರೆ. ಅವರು ಹತ್ತಿರದ ಶಾಲೆಯಲ್ಲಿ ಗಣಿತ ಕಲಿಸುವವರು. ತಲೆಗೆ ಶಾಲು ಬಿಗಿದು ಕಟ್ಟಿಕೊಂಡು, ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಓಡುವವರು.

ಕಳೆದ ವರ್ಷ ಕಾಸರಗೋಡಿನಿಂದ ತೆಂಕಿಗೆ, ಕಡಲ ಬದಿಯ ರಸ್ತೆಯಲ್ಲಿ ಒಂದು ಕ್ಲಬ್ಬಿನವರು ಇಪ್ಪತ್ತೊಂದು ಕಿಲೋಮೀಟರ್ ಓಟ ಇಟ್ಟಿದ್ದರು. ಇಬ್ಬರೂ ಹೋದರು. ರಝಿಯಾ ಟೀಚರ್ ಮುಗಿಸಿದರು. ಜಯಂತಿ ಹದಿನಾರನೆಯ ಕಿಲೋಮೀಟರಿನಲ್ಲಿ ಕಾಲು ಹಿಡಿದುಕೊಂಡು ರಸ್ತೆ ಬದಿಯಲ್ಲಿ ಕೂತಳು. ಎಲ್ಲರ ಹಿಂದಿನಿಂದ ಬರುವ ವ್ಯಾನು ಅವಳನ್ನು ಹತ್ತಿಸಿಕೊಂಡಿತು. ಅದರಲ್ಲಿ ರಸ್ತೆಗೆ ಅಡ್ಡ ಇಡುವ ಕೆಂಪು ಕೋನುಗಳು, ಸುತ್ತಿಟ್ಟ ಬ್ಯಾನರುಗಳು ಮತ್ತು ನನ್ನ ಹೆಂಡತಿ. ಮನೆಗೆ ಬಂದವಳು ಬಚ್ಚಲಿನ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಕಣ್ಣಿಗೆ ಸಾಬೂನು ಹೋಯಿತು ಅಂದಳು. ಅಷ್ಟು ಸಾಬೂನು ನಮ್ಮ ಮನೆಯಲ್ಲಿ ಇರಲಿಲ್ಲ.

ಕಾರಣ ಹೇಳಿದವರು ರಝಿಯಾ ಟೀಚರ್. "ಬೆವರಿ ಮೈಯ ಉಪ್ಪು, ಎಲೆಕ್ಟ್ರೊಲೈಟ್ ಕಮ್ಮಿ ಆದದ್ದು" ಅಂದರು.

ನನ್ನನ್ನು ಕೆಡಿಸಿದ್ದು ಆ ಒಂದು ಶಬ್ದ. ನನ್ನದು ಬ್ಯಾಟರಿ ಅಂಗಡಿ. ಇನ್ವರ್ಟರ್ ಬ್ಯಾಟರಿ, ಲಾರಿ ಬ್ಯಾಟರಿ, ಎಲ್ಲ ಉಂಟು. ಪ್ರಪಂಚದಲ್ಲಿ ನನಗೆ ಗೊತ್ತಿಲ್ಲದ ವಿಷಯಗಳು ಬೇಕಾದಷ್ಟಿವೆ, ಆದರೆ ಎಲೆಕ್ಟ್ರೊಲೈಟ್ ಅಂದರೆ ಬ್ಯಾಟರಿಯ ಹೊಟ್ಟೆಯ ನೀರು, ನನ್ನ ಅನ್ನ. ಸತ್ತೇಹೋಯಿತು ಅಂತ ತಂದ ಎಷ್ಟೋ ಬ್ಯಾಟರಿಗಳನ್ನು ನೀರು ಹಾಕಿ, ಚಾರ್ಜ್ ಕೊಟ್ಟು ನಾನು ಎಬ್ಬಿಸಿದ್ದೇನೆ. ಹೆಂಡತಿಯನ್ನು ಐದು ಕಿಲೋಮೀಟರ್ ಮುಂದೆ ದಾಟಿಸುವುದು ಎಂತ ಮಹಾ ಕೆಲಸ?

ಈ ವರ್ಷದ ಓಟಕ್ಕೆ ಇಬ್ಬರೂ ಹೆಸರು ಕೊಟ್ಟ ದಿನ, "ಈ ಸಲ ನಿನ್ನ ಕುಡಿಯುವ ತಿನ್ನುವ ವಿಷಯ ಪೂರ್ತಿ ನನಗೆ ಬಿಡು" ಅಂದೆ.

"ನಿಮಗೆ ಯಾಕೆ ತೊಂದರೆ?" ಅಂದಳು ಜಯಂತಿ. ಮದುವೆಯಾದ ಮೇಲೆ ಅವಳು ನನಗೆ ಕೊಟ್ಟ ಅತಿ ಸ್ಪಷ್ಟ ಎಚ್ಚರಿಕೆ ಅದು. ನಾನು ಅದನ್ನು ಪ್ರೀತಿ ಅಂತ ತಿಳಿದೆ.

ಮರುವಾರವೇ ಮಂಗಳೂರಿಗೆ ಹೋಗಿ, ಕಸರತ್ತು ಮಾಡುವವರಿಗೆ ಬೇಕಾದ್ದನ್ನು ಮಾರುವ ಒಂದು ಅಂಗಡಿ ಹೊಕ್ಕೆ. ಗೋಡೆ ತುಂಬ ಡಬ್ಬಿಗಳು. ಬ್ಯಾಟರಿಯಲ್ಲಿ ಭಾರ ಇದ್ದದ್ದು ಒಳ್ಳೆಯದು ಎಂಬ ಅನುಭವದಿಂದ ಎಲ್ಲಕ್ಕಿಂತ ಭಾರದ ಡಬ್ಬಿ ಆರಿಸಿದೆ. ಪೈಂಟಿನ ಬಕೆಟಿನಷ್ಟು ದೊಡ್ಡದು. ಮೇಲೆ ಅಂಗಿ ಹಾಕದ ಒಬ್ಬ ಗಂಡಸು. ಅದರ ಪುಡಿಯನ್ನು ದಿನವೂ ಹಾಲಿನಲ್ಲಿ ಕಲಸಿ ಕೊಟ್ಟೆ. ಜಯಂತಿ ಮೂಗು ಮುಚ್ಚಿಕೊಂಡು ಕುಡಿದಳು. ಒಂದು ತಿಂಗಳಾಗುವಾಗ ಅವಳ ಚೂಡಿದಾರಗಳು ಒಂದೊಂದಾಗಿ ಬಿಗಿಯಾದವು. ಮೊದಲು ಪಕ್ಕಪಕ್ಕದಲ್ಲಿ ಓಡುತ್ತಿದ್ದವರಲ್ಲಿ ಈಗ ರಝಿಯಾ ಟೀಚರ್ ಮೊದಲು ಬರುತ್ತಿದ್ದರು, ಸ್ವಲ್ಪ ಹೊತ್ತಿನ ನಂತರ ನನ್ನ ಹೆಂಡತಿ ಬರುತ್ತಿದ್ದಳು.

ಒಂದು ಬೆಳಿಗ್ಗೆ ರಝಿಯಾ ಟೀಚರ್ ನಮ್ಮ ಅಡಿಗೆ ಕೋಣೆಯಲ್ಲಿ ಆ ಡಬ್ಬಿ ನೋಡಿ, ತಿರುಗಿಸಿ ಓದಿದರು.

"ಸದಾಶಿವಣ್ಣ, ಇದು ಯಾರು ಕುಡಿಯುವುದು?"

"ಜಯಂತಿ. ಎನರ್ಜಿಗೆ."

"ಇದು ಮೈ ತುಂಬಿಸಲಿಕ್ಕೆ ಕುಡಿಯುವ ಪುಡಿ. ತೂಕ ಹೆಚ್ಚು ಮಾಡುವವರಿಗೆ."

ಜಯಂತಿ ನನ್ನನ್ನು ನೋಡಿದಳು. ಓಡುವ ಹೆಂಡತಿಗೆ ತಿಂಗಳಿಡೀ ತೂಕ ಹೆಚ್ಚಿಸುವ ಪುಡಿ ಕೊಟ್ಟ ಗಂಡನಿಗೆ ಹೇಳುವ ಮಾತು ಬಹುಶಃ ಯಾವ ಭಾಷೆಯಲ್ಲೂ ಇಲ್ಲ. ನಮ್ಮ ಮನೆಯಲ್ಲಿ ಮೂರು ಭಾಷೆ ಉಂಟು.

ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮುಂದೆ ತರಿಸಿದ್ದು ಜೆಲ್. ಓಡುತ್ತಾ ಓಡುತ್ತಾ ಬಾಯಿಗೆ ಹಿಂಡಿಕೊಳ್ಳುವ ಸಣ್ಣ ಪೊಟ್ಟಣಗಳು, ಮಾವಿನ ಹಣ್ಣಿನ ರುಚಿಯದು. ತಂದು ಕಪಾಟಿನಲ್ಲಿಟ್ಟೆ. ಓಟಕ್ಕೆ ಕೆಲವೇ ದಿನ ಇರುವಾಗ ನೋಡಿದರೆ ಅರ್ಧಕ್ಕರ್ಧ ಖಾಲಿ.

ಅಮ್ಮ ಚಾವಡಿಯಲ್ಲಿ ಕಾಲು ಚಾಚಿ ಕೂತಿದ್ದರು.

"ಅಮ್ಮ, ಕಪಾಟಿನಲ್ಲಿದ್ದ ಪೊಟ್ಟಣ ತೆಗೆದಿರಾ?"

"ಆ ಜೆಲ್ಲಾ? ಗಂಟು ನೋವಿಗೆ ಹಚ್ಚಿದೆ. ಪರಿಮಳ ಒಳ್ಳೆದುಂಟು ಮಗ. ಆದರೆ ಇರುವೆ ಬರ್ತದೆ."

ಅಮ್ಮನ ಎರಡೂ ಮೊಣಕಾಲಿನ ಸುತ್ತ ಕೆಂಪಿರುವೆಗಳು ಸಾಲು ಕಟ್ಟಿದ್ದವು. ನೋವು ಕಮ್ಮಿಯಾಯಿತಾ ಅಂತ ಕೇಳಿದೆ. ನೋವು ಈಗ ಬೇರೆ ಥರ ಉಂಟು ಅಂದರು.

ಕೊನೆಗೆ ನಾನು ಒಂದು ತೀರ್ಮಾನಕ್ಕೆ ಬಂದೆ. ಅಂಗಡಿಯ ಸಾಮಾನು ನಂಬಬಾರದು, ಪಾನೀಯವನ್ನು ಸ್ವತಃ ತಯಾರಿಸಬೇಕು. ಅದರಲ್ಲಿ ಇರುವುದು ನೀರು, ಉಪ್ಪು, ಸಕ್ಕರೆ, ಲಿಂಬೆ, ಉಳಿದದ್ದು ಜಾಹೀರಾತು. ಪ್ರಶ್ನೆ ಇರುವುದು ಹದದ್ದು ಮಾತ್ರ. ಹದ ನೋಡಲು ನನ್ನ ಹತ್ತಿರ ಹೈಡ್ರೋಮೀಟರ್ ಉಂಟು. ಗಾಜಿನ ಕೊಳವೆ, ಮೇಲೆ ರಬ್ಬರ್ ಬುರುಡೆ, ಒಳಗೆ ತೇಲುವ ಒಂದು ಕಡ್ಡಿ. ಬ್ಯಾಟರಿಯ ನೀರನ್ನು ಹೀರಿದಾಗ ಕಡ್ಡಿ ಕೆಂಪು ತೋರಿಸಿದರೆ ಚಾರ್ಜ್ ಇಲ್ಲ, ಹಸಿರು ತೋರಿಸಿದರೆ ಫುಲ್. ಪೆಟ್ಟಿಗೆ ಒಡೆಯದ ಹೊಸತೊಂದನ್ನು ಅಂಗಡಿಯಿಂದ ತಂದೆ. ಅಷ್ಟು ಬುದ್ಧಿ ನನಗೆ ಇತ್ತು ಎಂಬುದನ್ನು ಓದುವವರು ಗಮನಿಸಬೇಕು, ಯಾಕೆಂದರೆ ಇನ್ನು ಮುಂದೆ ಅಂಥ ಸಂದರ್ಭ ಬರುವುದಿಲ್ಲ.

ಉಪ್ಪು, ಲಿಂಬೆ, ಒಂದು ಹಿಡಿ ಸಕ್ಕರೆ ಹಾಕಿ ನೋಡಿದೆ. ಕಡ್ಡಿ ಏಳಲೇ ಇಲ್ಲ. ಇನ್ನೊಂದು ಹಿಡಿ. ಕೆಂಪು. ಡಬ್ಬಿಯ ಸಕ್ಕರೆ ಮುಗಿದು ಹೊಸ ಪ್ಯಾಕೆಟ್ ಒಡೆದೆ. ಬಿಸಿ ಮಾಡಿ ಕರಗಿಸಿದೆ. ಅಂತೂ ಹಸಿರು ಬಂತು.

ಜಯಂತಿ ಸೌಟಿನಲ್ಲಿ ಎತ್ತಿ ಬಿಟ್ಟಳು. ಅದು ನೂಲಾಗಿ ಇಳಿಯಿತು.

"ಇದು ಪಾಕ. ಇದಕ್ಕೆ ಜಿಲೇಬಿ ಹಾಕಬಹುದು."

"ಫುಲ್ ಚಾರ್ಜ್ ಉಂಟು."

"ನಾನು ಲಾರಿ ಅಲ್ಲ ಮಾರಾಯ್ರೆ. ನೀರು ಸೇರಿಸಿ."

ಸೇರಿಸಿದೆ. ಆದರೆ ಎಲ್ಲದಕ್ಕೂ ಅಲ್ಲ. ಎರಡು ಬಾಟ್ಲಿಯ ಯೋಜನೆ ಹಾಕಿದ್ದೆ. ಹತ್ತನೆಯ ಕಿಲೋಮೀಟರಿನಲ್ಲಿ ತೆಳ್ಳಗೆ ಮಾಡಿದ್ದು. ಹದಿನಾರರಲ್ಲಿ, ಅಂದರೆ ಕಳೆದ ಸಲ ಕೂತ ಜಾಗದಲ್ಲಿ, ಫುಲ್ ಚಾರ್ಜಿನದ್ದು. ಅಲ್ಲಿಯೇ ಅಲ್ಲವೇ ಅವಳು ಬ್ಯಾಟರಿ ಇಳಿದು ನಿಂತದ್ದು? ಇದನ್ನು ಅವಳಿಗೆ ಹೇಳಲಿಲ್ಲ. ಸೆಕೆ ಅಂತ ಎರಡನ್ನೂ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟೆ. ತೆಳುವಾದದ್ದು ಕಲ್ಲಾಯಿತು. ದಪ್ಪದ್ದು ಎಷ್ಟು ಇಟ್ಟರೂ ಗಟ್ಟಿಯಾಗಲಿಲ್ಲ. ಮಂಜುಗಡ್ಡೆಯನ್ನೇ ಎದುರಿಸಿ ನಿಲ್ಲುವ ಪಾನೀಯ ಮಾಡಿದ್ದೇನೆಂದು ನನಗೆ ಹೆಮ್ಮೆಯಾಯಿತು.

ಓಟದ ದಿನ ಇನ್ನೂ ಮಬ್ಬು ಇರುವಾಗಲೇ ಸ್ಕೂಟರಿನಲ್ಲಿ ಹೋದೆವು. ಹುರಿದುಂಬಿಸಲಿಕ್ಕೆಂದು ನಾನು ಜಯಂತಿಗೆ ಕಳೆದ ವರ್ಷ ಕ್ಲಬ್ಬಿನವರು ಕೊಟ್ಟ ಟೀ ಶರ್ಟ್ ಹಾಕಿಕೊಂಡಿದ್ದೆ. ಹೊಟ್ಟೆಯ ಹತ್ತಿರ ಅದು ಸ್ವಲ್ಪ ಕಷ್ಟಪಡುತ್ತಿತ್ತು.

"ದಾರಿಯಲ್ಲಿ ಕ್ಲಬ್ಬಿನವರು ಮೇಜಿನಲ್ಲಿ ಇಟ್ಟದ್ದನ್ನು ಮುಟ್ಟಬೇಡ" ಅಂತ ಹೇಳಿದೆ. "ಅದರಲ್ಲಿ ಎಂತ ಉಂಟು ಅಂತ ಯಾರಿಗೆ ಗೊತ್ತು?"

"ನೀರು ಇರಬಹುದು" ಅಂದಳು. ಆದರೂ ಆಯಿತು ಅಂತ ತಲೆಯಾಡಿಸಿದಳು.

ಹತ್ತನೆಯ ಕಿಲೋಮೀಟರಿಗೆ ಬರುವಾಗ ಚೆನ್ನಾಗಿ ಓಡುತ್ತಿದ್ದಳು. ರಝಿಯಾ ಟೀಚರ್ ಪಕ್ಕದಲ್ಲೇ ಇದ್ದರು. ನಾನು ಬಾಟ್ಲಿ ಚಾಚಿದೆ. ಅವಳು ಓಡುತ್ತಲೇ ಮುಚ್ಚಳ ತೆಗೆದು ಬಾಯಿಗೆ ಎತ್ತಿದಳು. ಏನೂ ಬರಲಿಲ್ಲ. ಅಲ್ಲಾಡಿಸಿದಳು. ತಲೆಕೆಳಗೆ ಮಾಡಿ ತೊಡೆಗೆ ಬಡಿದಳು. ಒಂದು ಹನಿ ಶೂವಿನ ಮೇಲೆ ಬಿತ್ತು.

"ಇದು ಕಲ್ಲು!" ಅಂತ ಹಿಂದಕ್ಕೆ ಕೂಗಿದಳು.

"ಕರಗ್ತದೆ, ಹಿಡ್ಕೊಂಡು ಓಡು" ಅಂದೆ ನಾನು.

ಮುಂದಿನ ಮೇಜಿನಲ್ಲಿ ನೀರು ಇತ್ತು. ರಝಿಯಾ ಟೀಚರ್ ಕುಡಿದರು, ಇವಳಿಗೂ ಕುಡಿಯಲು ಹೇಳಿದರು. "ಬೇಡ, ಅವರು ತುಂಬ ದಿನದಿಂದ ಕಷ್ಟಪಟ್ಟು ಮಾಡಿದ್ದಾರೆ, ಬೇಸರ ಆಗ್ತದೆ" ಅಂದಳಂತೆ. ಇದು ನನಗೆ ಗೊತ್ತಾದದ್ದು ಆಮೇಲೆ. ಗೊತ್ತಾಗದೇ ಇದ್ದಿದ್ದರೆ ಒಳ್ಳೆಯದಿತ್ತು.

ಸ್ಕೂಟರಿನಲ್ಲಿ ಮೊದಲೇ ಹೋಗಿ ಹದಿನಾರರಲ್ಲಿ ನಾನು ಮೋರಿಯ ಕಟ್ಟೆಯ ಮೇಲೆ ಕೂತಿದ್ದೆ. ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕಿರಲಿಲ್ಲ. ಹಸಿವಾಗಿ ಉಳಿದ ಮಾವಿನ ಜೆಲ್ ಎಲ್ಲ ತಿಂದೆ. ಹದ ನೋಡಲು ಪಾಕವನ್ನೂ ಆಗಾಗ ಕುಡಿದೆ. ಬಿಸಿಲು ಏರಿತ್ತು. ರಝಿಯಾ ಟೀಚರ್ ಮೊದಲು ಹಾದುಹೋದರು. ಹಿಂದಿನಿಂದ ಜಯಂತಿ ಬಂದಳು. ತುಟಿ ಒಣಗಿತ್ತು, ಆದರೆ ಕಾಲು ಓಡುತ್ತಿತ್ತು. ಕಳೆದ ವರ್ಷ ಕೂತ ಜಾಗವನ್ನು ದಾಟುವಾಗ ಅದರ ಕಡೆ ಒಮ್ಮೆ ನೋಡಿ ನಕ್ಕಳು.

"ಇದಾದರೂ ನೀರಾಗಿ ಉಂಟಾ?"

"ಉಂಟುಂಟು" ಅಂದೆ.

ಬಾಯಾರಿದವಳು ನಾಲ್ಕೈದು ಗುಟುಕು ಒಟ್ಟಿಗೆ ಕುಡಿದಳು. ಅವಳ ಮುಖ ಬದಲಾಗುವುದು ಕಾಣಿಸಿತು. ಏನೋ ಹೇಳಲು ನೋಡಿದಳು, ತುಟಿ ಅಂಟಿಕೊಂಡಿತ್ತು. ಹತ್ತು ಹೆಜ್ಜೆ ಓಡಿ, ಮೋರಿಗೆ ಬಗ್ಗಿ ಎಲ್ಲವನ್ನೂ ಕಕ್ಕಿದಳು. ನಾನು ಬೆನ್ನು ತಿಕ್ಕಿದೆ.

"ನೀರು" ಅಂದಳು. "ಬರೀ ನೀರು."

ಅದೊಂದೇ ನನ್ನ ಹತ್ತಿರ ಇರಲಿಲ್ಲ.

ಎದುರಿನ ಮನೆಗೆ ಓಡಿದೆ. ಅಲ್ಲಿನ ಹೆಂಗಸು ಒಂದು ಸ್ಟೀಲ್ ತಂಬಿಗೆಯಲ್ಲಿ ನೀರು ಕೊಟ್ಟು, ತಂಬಿಗೆ ವಾಪಸು ಬೇಕು ಅಂತ ಮಲಯಾಳದಲ್ಲಿ ಹೇಳಿದರು. ರಸ್ತೆಗೆ ಬಂದು ನೋಡಿದರೆ ಜಯಂತಿ ಇಲ್ಲ. ದೂರದಲ್ಲಿ, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ನಿಧಾನವಾಗಿ ಓಡುತ್ತಿದ್ದಳು. ನಿಲ್ಲಲು ಅವಳಿಗೆ ಮನಸ್ಸಿರಲಿಲ್ಲ. ಸ್ಕೂಟರ್ ಇತ್ತು, ಅದು ನೆನಪಾಗಲಿಲ್ಲ. ತಂಬಿಗೆ ಹಿಡಿದುಕೊಂಡು ನಾನೂ ಓಡಿದೆ.

ನಾನು ಕೊನೆಯ ಸಲ ಓಡಿದ್ದು ಶಾಲೆಯಲ್ಲಿ. ಚಪ್ಪಲಿ ಒಂದು ಕಡೆ ಹೋಯಿತು. ನೀರು ತುಳುಕಿತು. ಅವಳ ಬೆನ್ನು ಹತ್ತಿರ ಬಂತು, ಆಮೇಲೆ ಎರಡು ಬೆನ್ನು ಕಾಣಿಸಿತು, ಆಮೇಲೆ ರಸ್ತೆ ಬಹಳ ಹತ್ತಿರದಿಂದ ಕಾಣಿಸಿತು.

ತಂಬಿಗೆ ಉರುಳಿದ ಶಬ್ದಕ್ಕೆ ಜಯಂತಿ ತಿರುಗಿದಳಂತೆ. ಮುಂದೆ ರಸ್ತೆ ನೇರ ಇತ್ತು, ಸಮಯವೂ ಇತ್ತು. ನಾನು ಕಣ್ಣು ಬಿಡುವಾಗ ಅವಳು ನನ್ನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ತನ್ನ ಚೂಡಿದಾರದ ಶಾಲಿನಿಂದ ಗಾಳಿ ಹಾಕುತ್ತಿದ್ದಳು.

"ನೀನು ಹೋಗು" ಅಂದೆ.

"ಹೋಗ್ತೇನೆ" ಅಂದಳು. ಹೋಗಲಿಲ್ಲ.

ಎಲ್ಲರ ಹಿಂದಿನ ವ್ಯಾನು ಬಂತು. ಈ ಸಲ ಕೋನುಗಳನ್ನು ಸರಿಸಿ ನನ್ನನ್ನು ಉದ್ದಕ್ಕೆ ಮಲಗಿಸಿದರು. ಜಯಂತಿ ತಂಬಿಗೆ ಹಿಡಿದುಕೊಂಡು ಮೂಲೆಯಲ್ಲಿ ಕೂತಳು. ವ್ಯಾನು ಓಟ ಮುಗಿಯುವ ಗೆರೆ ದಾಟುವಾಗ ಹೊರಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ನರ್ಸ್ ಒಬ್ಬರು ನನಗೆ ಉಪ್ಪು ಸಕ್ಕರೆಯ ನೀರು ಕುಡಿಸಿದರು. ಬಹಳ ಹದವಾಗಿತ್ತು. ಆಗ ಕ್ಲಬ್ಬಿನ ಒಬ್ಬ ಹಿರಿಯರು ಬಂದು ನನ್ನ ಟೀ ಶರ್ಟ್ ನೋಡಿದರು.

"ಎದೆಗೆ ಸಿಕ್ಕಿಸಿದ ನಂಬರ್ ಎಲ್ಲಿ ಬಿತ್ತು ಸಾರ್? ಇರಲಿ. ಈ ವಯಸ್ಸಿನಲ್ಲಿ ಇಷ್ಟು ದೂರ ಬಂದಿರಲ್ಲ, ಅದು ದೊಡ್ಡದು."

ಹೀಗೆ ಹೇಳಿ, ಓಟ ಮುಗಿಸಿದವರಿಗೆ ಕೊಡುವ ಪದಕವನ್ನು ನನ್ನ ಕೊರಳಿಗೆ ಹಾಕಿದರು. ಯಾರೋ ಫೋಟೋ ತೆಗೆದರು. ನಾನು ಓಡಿದ್ದು ಮೋರಿಯಿಂದ ಮುಂದಿನ ಬಸ್ ಸ್ಟಾಪಿನವರೆಗೆ ಮಾತ್ರ. ಅದನ್ನು ಹೇಳಲು ಬಾಯಿ ತೆರೆದೆ; ನರ್ಸ್ ಇನ್ನೊಂದು ಲೋಟ ನೀರು ಹೊಯ್ದರು. ಪಕ್ಕದ ಕುರ್ಚಿಯಲ್ಲಿ ಜಯಂತಿ ಖಾಲಿ ಕೊರಳಿನಲ್ಲಿ ಕೂತಿದ್ದಳು.

ಮೊದಲೇ ಓಟ ಮುಗಿಸಿದ್ದ ರಝಿಯಾ ಟೀಚರ್ ಬಂದು, ನಡೆದದ್ದನ್ನು ಕೇಳಿ, ನನ್ನ ಪದಕವನ್ನೂ ಅವಳ ಮುಖವನ್ನೂ ನೋಡಿದರು. "ತಂಬಿಗೆ ನಾನು ವಾಪಸು ಕೊಡ್ತೇನೆ" ಅಂತ ಮಾತ್ರ ಹೇಳಿ ಅದನ್ನು ಎತ್ತಿಕೊಂಡು ಹೋದರು.

ಮೋರಿಯ ಹತ್ತಿರ ಬಿಟ್ಟಿದ್ದ ಸ್ಕೂಟರನ್ನು ಕ್ಲಬ್ಬಿನವರು ತಂದುಕೊಟ್ಟರು. ನನಗೆ ಅದನ್ನು ಬಿಡುವ ಶಕ್ತಿ ಇರಲಿಲ್ಲ. ಅಷ್ಟು ದೂರ ಓಡಿದವಳು ಬಿಟ್ಟಳು, ನಾನು ಹಿಂದೆ ಕೂತೆ. ದಾರಿಯುದ್ದಕ್ಕೂ ಪದಕ ಅವಳ ಬೆನ್ನಿಗೆ ತಾಗುತ್ತಿತ್ತು. ತೆಗೆದು ಜೇಬಿಗೆ ಹಾಕೋಣ ಅಂದರೆ ಕೈ ಬಿಡಲು ಹೆದರಿಕೆ.

ಮನೆ ಮೆಟ್ಟಿಲಲ್ಲಿ ಅಮ್ಮ ಕಾದಿದ್ದರು.

"ಜಯಂತಿ ಗೆದ್ದಳಾ?"

"ಇಲ್ಲ ಅತ್ತೆ, ಇವರಿಗೆ ಸಿಕ್ಕಿತು" ಅಂತ ಹೇಳಿ ಜಯಂತಿ ಒಳಗೆ ಹೋದಳು. ಅಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಹೆತ್ತವರಿಗೂ ನಂಬಲು ಆಗದ ಸುದ್ದಿಗಳು ಇರುತ್ತವೆ.

ಫೋಟೋ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಈಗ ಬಂದ್ಯೋಡಿನಲ್ಲಿ ಕೆಲವರು ನನ್ನನ್ನು ಮ್ಯಾರಥಾನ್ ಸದಾಶಿವ ಅನ್ನುತ್ತಾರೆ. ತಿದ್ದಲು ಹೋದರೆ ಎಲ್ಲ ಹೇಳಬೇಕಾಗುತ್ತದೆ, ಹಾಗಾಗಿ ಬ್ಯಾಟರಿಯ ಧೂಳು ಒರೆಸುತ್ತಾ ಕೂರುತ್ತೇನೆ.

ಆ ವಾರ ಜಯಂತಿ ಓಡಲು ಹೋಗಲಿಲ್ಲ. ಮುಂದಿನ ವಾರವೂ ಹೋಗಲಿಲ್ಲ. ಇನ್ನು ಇಲ್ಲ ಅಂತಲೇ ನಾನು ತಿಳಿದೆ. ಹಾಗೆ ತಿಳಿದ ದಿನಗಳಲ್ಲಿ ನನಗೆ ಊಟ ಸೇರಲಿಲ್ಲ. ಒಂದು ಬೆಳಿಗ್ಗೆ ಬಾಗಿಲ ಹತ್ತಿರ ಶೂ ಕಟ್ಟುವ ಶಬ್ದ ಕೇಳಿ ಎಚ್ಚರಾಯಿತು. ಹೊರಗೆ ಗೇಟಿನಲ್ಲಿ ರಝಿಯಾ ಟೀಚರ್ ಕೆಮ್ಮಿದರು. ನಾನು ಗಡಬಡಿಸಿ ಎದ್ದು ಕೂತೆ.

"ಜಯಂತಿ, ಬಾಟ್ಲಿ ತುಂಬಿಸಿ ಕೊಡಲಾ?"

"ಬೇಡ. ನೀರಿನ ನಳ್ಳಿ ಎಲ್ಲಿ ಉಂಟು ಅಂತ ನನಗೆ ಗೊತ್ತುಂಟು" ಅಂದಳು.

ಗೇಟು ಹಾಕಿದ ಶಬ್ದವಾಯಿತು. ಎದ್ದು ಕೂತಿದ್ದವನು ಮತ್ತೆ ಮಲಗಿದೆ.