ಕಣ್ಣು ಮುಚ್ಚಿದವರಿಗೆ ಮಾತ್ರ ಕ್ಯಾಸೆಟ್

ಗಿರಾಕಿಯನ್ನು ಕಂಡರೆ ಮುಖ ಗಂಟಿಕ್ಕುವ ಅಂಗಡಿಯವರನ್ನು ನೀವು ನೋಡಿದ್ದೀರಾ? ನಮ್ಮ ಸೋದರಮಾವನನ್ನು ನೋಡಿಲ್ಲವಾದರೆ ನೋಡಿಲ್ಲವೆಂದೇ ಲೆಕ್ಕ! ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಅವರದೊಂದು ಕ್ಯಾಸೆಟ್ ಅಂಗಡಿ, ಅದರ ಹಿಂದೆಯೇ ಮನೆ. ಸಿನಿಮಾ ಹಾಡು ಇಲ್ಲ, ಭಕ್ತಿಗೀತೆ ಇಲ್ಲ. ಇದ್ದದ್ದು ಗಿಟಾರು ಗುಂಯ್‌ಗುಡುವ ವಿದೇಶಿ ಸೈಕೆಡೆಲಿಕ್ ಸಂಗೀತ ಮಾತ್ರ. ಹಾಗೆಂದರೇನು ಎಂದು ಯಾರಾದರೂ ಕೇಳಿದರೆ, "ಕೂತ್ ಜಾಗ್ದಿಂದ ಏಳ್ದಂಗೇ ಊರೂರು ಸುತ್ತಿಸ್ಕಂಡ್ ಬತ್ತದೆ ಕಣ್ಲಾ" ಎನ್ನುತ್ತಿದ್ದರು. ಒಳಗಿನಿಂದ ಅತ್ತೆ, "ತಲೆ ಸುತ್ತಿಸ್ತದೆ ಅನ್ನಿ, ಸಾಕು" ಎಂದು ತಿದ್ದುತ್ತಿದ್ದರು.

ಈ ಹುಚ್ಚು ಹತ್ತಿದ್ದಕ್ಕೂ ಒಂದು ಚರಿತ್ರೆಯಿದೆ. ಮಾವ ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದರು. ಊಟಿಗೆ ಹೊರಟಿದ್ದ ಉದ್ದಗೂದಲಿನ ವಿದೇಶಿಯೊಬ್ಬನ ವ್ಯಾನು ನಮ್ಮೂರಲ್ಲಿ ಕೆಟ್ಟು ನಿಂತಿತು. ಮೂರು ದಿನ ಅತ್ತೆಯ ಕೈಯ ಮುದ್ದೆ ಉಂಡು, ಹೋಗುವಾಗ ಒಂದು ಪೆಟ್ಟಿಗೆ ಕ್ಯಾಸೆಟ್ ಕೊಟ್ಟು ಹೋದ. ಮುದ್ದೆ ಅವನಿಗೆ ಅರಗಿತೋ ಇಲ್ಲವೋ, ಕ್ಯಾಸೆಟ್ ಮಾವನಿಗೆ ಅರಗಿತು! ಅವುಗಳ ಹಿಂದಿದ್ದ ವಿಳಾಸಗಳಿಗೆಲ್ಲ ಕಾಗದ ಬರೆದು ಪಾರ್ಸೆಲ್ ತರಿಸಿದರು. ಬೋರ್ಡಿನಲ್ಲಿ 'ಡಿಸ್ಟ್ರಿಬ್ಯೂಟರ್ಸ್' ಎಂದು ಬರೆಸಿದರು. ಚಾಮರಾಜನಗರದ ಒಂದು ಸೈಕಲ್ ಶಾಪು, ಉಡಿಗಾಲದ ಒಂದು ಟೀ ಅಂಗಡಿ, ಇಷ್ಟೇ ಏಜೆಂಟರು. ಮಾಲು ಕಂಡಕ್ಟರ್ ಕೈಯಲ್ಲಿ ಬಸ್ಸಿನಲ್ಲಿ ಹೋಗುತ್ತಿತ್ತು.

ಆದರೆ ಕೊಳ್ಳಲು ಬಂದವರು ಸುಮ್ಮನೆ ಕೊಂಡು ಹೋಗುವಂತಿರಲಿಲ್ಲ. ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಕೇಳಬೇಕು. ನಡುವೆ ಕಣ್ಣು ಬಿಟ್ಟರೆ ವ್ಯಾಪಾರ ಇಲ್ಲ! ಭೀಮನಬೀಡಿನ ಒಬ್ಬ, ಬಸ್ಸಿಗೆ ಹೊತ್ತಿದೆಯೆಂದು ಒಳಗೆ ಬಂದವನು, ಕಣ್ಣು ಮುಚ್ಚಿದ ಎರಡೇ ನಿಮಿಷಕ್ಕೆ ಗೊರಕೆ ಹೊಡೆದ. ಮಾವ ಆನಂದಬಾಷ್ಪ ಸುರಿಸುತ್ತಾ ಅವನಿಗೆ ಎರಡು ಕ್ಯಾಸೆಟ್ ಪುಕ್ಕಟೆ ಕೊಟ್ಟರು. "ನಿಜವಾದ ರಸಿಕ ಕಣ್ಲಾ, ಕಣ್ಣೇ ಬುಡ್ನಿಲ್ಲ!"

ಇನ್ನೊಮ್ಮೆ ಉಡಿಗಾಲದಲ್ಲಿ ಎಡವಟ್ಟಾಯಿತು. ಕ್ಯಾಸೆಟ್ ಮೇಲೆ ಗಡ್ಡ ಬಿಟ್ಟು ಕಣ್ಣು ಮುಚ್ಚಿದವನ ಚಿತ್ರವಿತ್ತು. ಯಾರೋ ಸ್ವಾಮಿಗಳಿರಬೇಕೆಂದು ಟೀ ಅಂಗಡಿಯವನು ಅದನ್ನು ಬೆಳಗಿನ ಭಜನೆಗೆ ದೇವಸ್ಥಾನದ ಮೈಕಿನಲ್ಲಿ ಹಾಕಿಸಿಬಿಟ್ಟ! ಮರುದಿನ ಆ ಊರಿನ ಯಜಮಾನರೊಬ್ಬರು ಬಸ್ಸಿಳಿದು ನೇರ ಅಂಗಡಿಗೆ ಬಂದರು. ಜಗಳ ಗ್ಯಾರಂಟಿ ಎಂದು ನಾನು ಬಾಗಿಲ ಮರೆಗೆ ಸರಿದೆ.

"ಯಾವ ಮಠದ ಸ್ವಾಮ್ಗೋಳಪ್ಪ ಅವ್ರು? ಒಂದ್ ಮಾತೂ ತಿಳೀನಿಲ್ಲ. ಆದ್ರೆ ನಮ್ ಎಮ್ಮೆ ಅವತ್ತು ಒದೀದಂಗೆ ಆಲ್ ಕೊಡ್ತು. ಇನ್ನೊಂದ್ ಕೊಡು."

ಮಾವ ಗಂಭೀರವಾಗಿ ಕೇಳಿದರು: "ಎಮ್ಮೆ ಕಣ್ ಮುಚ್ಕಂಡಿತ್ತಾ?"

ಊರಿನವರೆಲ್ಲ ಕೂತ ಆ ಸ್ಟೂಲಿನ ಮೇಲೆ ಕೂರದೇ ಇದ್ದವರು ಅತ್ತೆ ಒಬ್ಬರೇ. ಮಾವನಿಗೆ ಜೀವನದಲ್ಲಿ ಇದ್ದದ್ದು ಅದೊಂದೇ ಆಸೆ. "ಒಂದ್ ಸಲ ಕೂತ್ಕಳಮ್ಮಿ" ಎಂದು ಗೋಗರೆಯುತ್ತಿದ್ದರು. "ನಾನೂ ಕಣ್ ಮುಚ್ಕಂಡ್ರೆ ಒಲೆ ಮೇಲಿರೋದ್ನ ಯಾರ್ ನೋಡಾರು?" ಎಂದು ಅತ್ತೆ ಒಳಗೆ ಹೋಗುತ್ತಿದ್ದರು. ಹಾಗೇ ವರ್ಷಗಳು ಕಳೆದವು. ಹಾಡೆಲ್ಲ ಫೋನಿಗೆ ಬಂತು, ಗಿರಾಕಿಗಳು ನಿಂತರು, ಮಾವ ಮಾತ್ರ ದಿನಾ ಬಾಗಿಲು ತೆಗೆದು ಕೇಳುತ್ತಾ ಕೂತರು.

ಹೋದ ವರ್ಷ ಮಾವನ ಎರಡೂ ಕಿವಿ ಹೋದವು. ಮೆಷಿನ್ ಹಾಕಿದರೂ ಬರೀ ಗೊರಗೊರ. ಸುದ್ದಿ ಕೇಳಿ ನನಗೆ ಅಳುವೇ ಬಂತು. ಇನ್ನು ಅಂಗಡಿ ಮುಚ್ಚಿದ ಹಾಗೆಯೇ ಅಂದುಕೊಂಡೆ.

ಮೊನ್ನೆ ಮಧ್ಯಾಹ್ನ ಹೋದರೆ ಬಾಗಿಲು ತೆಗೆದಿತ್ತು! ಹಳೇ ಟೇಪ್ ರೆಕಾರ್ಡರ್ ಹಾಡುತ್ತಿತ್ತು. ಗಿರಾಕಿಗಳ ಸ್ಟೂಲಿನ ಮೇಲೆ ಅತ್ತೆ, ಕಣ್ಣು ಮುಚ್ಚಿಕೊಂಡು. ಪಕ್ಕದಲ್ಲಿ ಕೂತಿದ್ದ ಮಾವನ ಅಂಗೈಯನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಬೆರಳಿನಿಂದ ತಾಳ ತಟ್ಟುತ್ತಿದ್ದರು. ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ಅಷ್ಟು ವರ್ಷ ಕೇಳಿದ್ದರಲ್ಲ!

"ಈಗ ಗಿಟಾರು ಬತ್ತದೆ ಕಣಮ್ಮಿ" ಎಂದರು ಮಾವ, ಕಣ್ಣು ಮುಚ್ಚಿಯೇ. ಗಿಟಾರು ಬಂತು.

ನನ್ನ ಹೆಜ್ಜೆ ಸಪ್ಪಳಕ್ಕೆ ಅತ್ತೆ ಒಂದೇ ಒಂದು ಕಣ್ಣು ತೆರೆದು ಗದರಿದರು:

"ನಿಂತ್ಕಂಡ್ ಏನ್ ನೋಡೀಯ ಮಗ? ಕೂತ್ಕ. ಕಣ್ ಮುಚ್ಕ."